ಮೆಕ್ಕೆಜೋಳ, ಗೊಬ್ಬರ ಮತ್ತು ಮಣ್ಣಿನ ಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಕಡೆ ಮುಂಗಾರು ಹತ್ತಿರ ಬಂದರೆ ಮಾತೆಲ್ಲ ಗೊಬ್ಬರದ್ದೇ. ಯೂರಿಯಾ ಬಂತಾ, ಡಿಎಪಿ ಸಿಕ್ತಾ, ಎಕರೆಗೆ ಎಷ್ಟು ಚೀಲ. (ಯೂರಿಯಾ ಕೊಡುವುದು ಸಾರಜನಕ; ಡಿಎಪಿ ಕೊಡುವುದು ಮುಖ್ಯವಾಗಿ ರಂಜಕ, ಜೊತೆಗೆ ಸ್ವಲ್ಪ ಸಾರಜನಕ.) ಅದೇ ಕಟ್ಟೆಯ ಮೇಲೆ ಇನ್ನೊಂದು ಮಾತೂ ಕೇಳಿಸುತ್ತದೆ: ‘ಸರ್ಕಾರಿ ಗೊಬ್ಬರ ಹಾಕಿ ಹಾಕಿ ಮಣ್ಣು ಸತ್ತು ಹೋಗಿದೆ.’ ಸರ್ಕಾರಿ ಗೊಬ್ಬರ ಅಂದರೆ ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರ. ಎಷ್ಟೋ ಸಲ ಎರಡೂ ಮಾತು ಒಬ್ಬರ ಬಾಯಿಂದಲೇ ಬರುತ್ತವೆ. ಮೆಕ್ಕೆಜೋಳ ಬೆಳೆಯುವವರು ಈ ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

ರಾಸಾಯನಿಕ ಗೊಬ್ಬರ ಮಣ್ಣಿನ ಜೀವಿಗಳನ್ನು ಕೊಲ್ಲುತ್ತದೆ ಅಂತಾರಲ್ಲ, ನಿಜವಾ?

ಅಳತೆಯಲ್ಲಿ ಹಾಕಿದರೆ ಇಲ್ಲ. ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ, ಆದರೆ ವರ್ಷಗಟ್ಟಲೆ ನಡೆದ ಪ್ರಯೋಗಗಳು ಹೇಳುವುದು ಇದನ್ನೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಗೈಸಲರ್ ಮತ್ತು ಕೇಟ್ ಸ್ಕೋ ಎಂಬ ವಿಜ್ಞಾನಿಗಳು ಬೇರೆ ಬೇರೆ ದೇಶಗಳ 64 ದೀರ್ಘಾವಧಿ ಪ್ರಯೋಗಗಳ ಲೆಕ್ಕವನ್ನು ಒಟ್ಟು ಮಾಡಿ 2014ರಲ್ಲಿ ಪ್ರಕಟಿಸಿದರು. ಏನೂ ಗೊಬ್ಬರ ಹಾಕದ ತಾಕುಗಳಿಗಿಂತ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ಸೂಕ್ಷ್ಮಜೀವಿಗಳ ಪ್ರಮಾಣ ಸರಾಸರಿ ಶೇ 15ರಷ್ಟು ಜಾಸ್ತಿ ಇತ್ತು.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಗೊಬ್ಬರ ಬಿದ್ದ ಹೊಲದಲ್ಲಿ ಬೆಳೆ ಚೆನ್ನಾಗಿ ಬರುತ್ತದೆ, ಬೇರು ಜಾಸ್ತಿ ಇಳಿಯುತ್ತದೆ, ಕೂಳೆ ಜಾಸ್ತಿ ಉಳಿಯುತ್ತದೆ, ಎಲೆ ಜಾಸ್ತಿ ಉದುರುತ್ತದೆ. ಜೀವಿಗಳಿಗೆ ಅದೇ ಊಟ. ಬಡಕಲು ಬೆಳೆ ಬೆಳೆದ ಹೊಲದಲ್ಲಿ ಮೇಲೂ ಊಟ ಇಲ್ಲ, ಕೆಳಗೂ ಇಲ್ಲ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಬಿಟ್ಟು ಹೇಳಿದರೆ ಮೋಸ ಆಗುತ್ತದೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ಕ್ಕಿಂತ ಕೆಳಗೆ ಇಳಿದ ಕಡೆ ಮಾತು ಉಲ್ಟಾ. ಅಲ್ಲಿ ಗೊಬ್ಬರ ಹಾಕಿದ ತಾಕುಗಳಲ್ಲೇ ಜೀವಿಗಳು ಕಡಿಮೆಯಾಗಿದ್ದವು. ಅಂದರೆ ಗೊಬ್ಬರ ವಿಷ ಅಲ್ಲ, ಆದರೆ ಅದು ಮಣ್ಣನ್ನು ಹುಳಿ ಮಾಡುತ್ತಾ ಹೋದರೆ ಆ ಹುಳಿ ಜೀವಿಗಳಿಗೆ ಆಗಿಬರುವುದಿಲ್ಲ.

ಹಾಗಿದ್ದರೆ ಮಣ್ಣು ಸತ್ತ ಹಾಗೆ ಯಾಕೆ ಕಾಣುತ್ತದೆ? ಮೊದಲಿನ ಹಾಗೆ ಎರೆಹುಳ ಇಲ್ಲ, ಮಣ್ಣು ಹೆಂಟೆ ಕಟ್ಟುತ್ತದೆ, ನೀರು ಇಂಗುವುದಿಲ್ಲ.

ಕಾಣುವುದು ಸುಳ್ಳಲ್ಲ. ಆದರೆ ಕಾರಣ ನಾವು ಏನು ಹಾಕಿದೆವು ಅನ್ನುವುದಕ್ಕಿಂತ ಏನು ಹಾಕುವುದನ್ನು ಬಿಟ್ಟೆವು ಅನ್ನುವುದರಲ್ಲಿದೆ.

ಒಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ಶೇ 0.5 ಇದೆ ಅಂದುಕೊಳ್ಳಿ, ಅಂದರೆ ನಾಲ್ಕೂವರೆ ಟನ್. ಅದರಲ್ಲಿ ಶೇ 2ರಷ್ಟು ಬದುಕಿರುವ ಸೂಕ್ಷ್ಮಜೀವಿಗಳ ಮೈಯಲ್ಲಿರುತ್ತದೆ, ಅಂದರೆ ಸುಮಾರು 90 ಕೆ.ಜಿ. ಇಂಗಾಲ. ನೀರು, ಮಿಕ್ಕಿದ್ದೆಲ್ಲ ಸೇರಿಸಿ ಜೀವಂತ ತೂಕ ಹಿಡಿದರೆ ಹೆಚ್ಚುಕಡಿಮೆ ಒಂದು ಜೋಡಿ ಎತ್ತು. ನಿಮ್ಮ ಪ್ರತಿ ಎಕರೆಯ ಅಡಿಯಲ್ಲಿ ಒಂದು ಜೋಡಿ ಎತ್ತು ಕಟ್ಟಿದ್ದೀರಿ, ಅವಕ್ಕೆ ವರ್ಷಪೂರ್ತಿ ಮೇವು ಬೇಕು. ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲ ದನಕ್ಕೆ ಕೊಡುವ ಉಪ್ಪು, ಖನಿಜ ಇದ್ದ ಹಾಗೆ. ಬೇಕು, ಆದರೆ ಅದು ಮೇವಲ್ಲ. ಮೇವು ಅಂದರೆ ಇಂಗಾಲ: ತಿಪ್ಪೆ ಗೊಬ್ಬರ, ಸಪ್ಪೆ (ತೆನೆ ಮುರಿದ ಮೇಲೆ ಉಳಿಯುವ ದಂಟು), ಬೇರು, ಸೊಪ್ಪು.

ಮನೆಯಲ್ಲಿ ದನ ಹೋದವು, ತಿಪ್ಪೆ ಹೋಯಿತು. ಸಪ್ಪೆಯನ್ನು ಮಾರಿದೆವು, ಇಲ್ಲವೇ ಬೆಂಕಿ ಹಾಕಿದೆವು. ಹಿಂದೆ ಜೋಳದ ಜೊತೆ ಬರುತ್ತಿದ್ದ ತೊಗರಿ, ಅಲಸಂದೆ, ಹುರುಳಿ ಮಾಯವಾಗಿ ವರ್ಷ ವರ್ಷವೂ ಬರೀ ಮೆಕ್ಕೆಜೋಳ. ಇದೆಲ್ಲ ಆದ ಕಾಲಕ್ಕೇ ಚೀಲದ ಗೊಬ್ಬರವೂ ಜಾಸ್ತಿಯಾಯಿತು, ಹಾಗಾಗಿ ಅಪವಾದ ಪೂರ್ತಿ ಚೀಲದ ತಲೆಗೆ ಬಂತು.

ಬರೀ ಯೂರಿಯಾ ಹಾಕಿದರೆ ಏನು ತೊಂದರೆ? ಎರಡೇ ವಾರದಲ್ಲಿ ಬೆಳೆ ಕಪ್ಪು ಹಸಿರು ಆಗುತ್ತದಲ್ಲ.

ಆಗುತ್ತದೆ. ಅದಕ್ಕೇ ಎಲ್ಲರೂ ಮೋಸ ಹೋಗುವುದು. 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ, 50 ಕೆ.ಜಿ. ಡಿಎಪಿ 1,350. ಕಡಿಮೆ ದುಡ್ಡಿಗೆ ಕಣ್ಣಿಗೆ ಕಾಣುವ ಹಸಿರು ಬೇಕೆಂದರೆ ಕೈ ಯಾವ ಚೀಲಕ್ಕೆ ಹೋಗುತ್ತದೆ ಅಂತ ಬೇರೆ ಹೇಳಬೇಕಾ?

ಬರೀ ಸಾರಜನಕ ಕೊಡುತ್ತಾ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿ 1970ರಲ್ಲಿ ದೇಶದ ಹಲವು ಕಡೆ ದೀರ್ಘಾವಧಿ ಗೊಬ್ಬರ ಪ್ರಯೋಗ ಶುರು ಮಾಡಿತು. ಅದರ ಒಂದು ಕೇಂದ್ರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿಯ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ, ಅದರ ಹಿಂದೆ ಮೆಕ್ಕೆಜೋಳ, ಹೀಗೆ ಅವೇ ತಾಕುಗಳಲ್ಲಿ ಅದೇ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಒಂದು ತಾಕಿಗೆ ಏನೂ ಇಲ್ಲ, ಒಂದಕ್ಕೆ ಬರೀ ಸಾರಜನಕ, ಒಂದಕ್ಕೆ ಸಾರಜನಕ ರಂಜಕ ಪೊಟ್ಯಾಷ್ ಮೂರೂ, ಒಂದಕ್ಕೆ ಮೂರರ ಜೊತೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಸುಣ್ಣ. ಬರೀ ಸಾರಜನಕದ ತಾಕಿನಲ್ಲಿ ಮಣ್ಣು ಹುಳಿಯಾಗಿ, ರಂಜಕ ಪೊಟ್ಯಾಷ್ ಖಾಲಿಯಾಗಿ, ಇಳುವರಿ ಏನೂ ಹಾಕದ ತಾಕಿನ ಹತ್ತಿರಕ್ಕೆ ಬಂದು ನಿಂತಿತು. ಮೂರೂ ಪೋಷಕಾಂಶದ ಜೊತೆ ಕೊಟ್ಟಿಗೆ ಗೊಬ್ಬರ ಬಿದ್ದ ತಾಕು ಇಳುವರಿಯಲ್ಲೂ ಮೇಲೆ, ಸೂಕ್ಷ್ಮಜೀವಿಗಳ ಚಟುವಟಿಕೆಯಲ್ಲೂ ಮೇಲೆ.

ಹಿಮಾಚಲದ ಪಾಲಂಪುರದಲ್ಲಿ ಇನ್ನೂ ಕೆಟ್ಟದಾಯಿತು. ಅಲ್ಲಿ 1972ರಿಂದ ಮೆಕ್ಕೆಜೋಳ–ಗೋಧಿ. ಮಣ್ಣು ಮೊದಲೇ ಸ್ವಲ್ಪ ಹುಳಿ. ಬರೀ ಯೂರಿಯಾ ತಾಕು ಹುಳಿಯಾಗುತ್ತಾ ಹೋಗಿ ಕೊನೆಗೆ ಇಳುವರಿ ಸೊನ್ನೆ. ಏನೂ ಹಾಕದ ತಾಕಿನಲ್ಲಿ ಒಂದಿಷ್ಟಾದರೂ ಕಾಳು ಸಿಗುತ್ತಿತ್ತು, ಇಲ್ಲಿ ಅದೂ ಇಲ್ಲ.

ಯೂರಿಯಾದಿಂದ ಮಣ್ಣು ಹುಳಿಯಾಗುವುದು ಹೇಗೆ?

ಇದನ್ನು ಮಾಡುವವರು ಮಣ್ಣಿನ ಜೀವಿಗಳೇ. ಯೂರಿಯಾ ಹದವಿರುವ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಂ ಮಾಡುತ್ತದೆ. ಆ ಹೊತ್ತಿಗೆ ಯೂರಿಯಾ ಕಾಳು ಬಿದ್ದ ಜಾಗದ ಸುತ್ತ ಪಿಎಚ್ ಏರುತ್ತದೆ, ಇಳಿಯುವುದಿಲ್ಲ. ಯೂರಿಯಾ ಮಣ್ಣಿನ ಮೇಲೇ ಬಿದ್ದಿದ್ದರೆ ಅಮೋನಿಯಾ ಗಾಳಿಗೆ ಹಾರಿ ಹೋಗುವುದೂ ಆಗಲೇ. ಆಮೇಲೆ ನೈಟ್ರೊಸೋಮೊನಾಸ್, ನೈಟ್ರೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಹುಳಿ ಹುಟ್ಟುವುದು ಈ ಎರಡನೇ ಹಂತದಲ್ಲಿ. ಬೆಳೆ ಆ ನೈಟ್ರೇಟನ್ನು ಹೀರಿಕೊಂಡರೆ ಹುಳಿಯ ಒಂದು ಭಾಗ ಸರಿಹೋಗುತ್ತದೆ. ಬೆಳೆ ತಿನ್ನಲಾಗದಷ್ಟು ಸುರಿದು, ಮಳೆಗೆ ನೈಟ್ರೇಟ್ ತೊಳೆದು ಕೆಳಗೆ ಹೋದರೆ ಹುಳಿ ಮಾತ್ರ ಮೇಲೆ ಉಳಿಯುತ್ತದೆ, ಸುಣ್ಣದಂಶ ನೀರಿನ ಜೊತೆ ಇಳಿದು ಹೋಗುತ್ತದೆ.

ಅಮೋನಿಯಂ ಸಲ್ಫೇಟ್ ಎಂಬ ಇನ್ನೊಂದು ಸಾರಜನಕ ಗೊಬ್ಬರವಂತೂ ಒಂದೊಂದು ಕೆ.ಜಿ. ಸಾರಜನಕಕ್ಕೆ ಯೂರಿಯಾದ ಸುಮಾರು ಮೂರು ಪಟ್ಟು ಹುಳಿ ಮಾಡುತ್ತದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಸುಣ್ಣ ಹಾಕದೆ ವರ್ಷ ವರ್ಷವೂ ಅದನ್ನೇ ಹಾಕಿದ ತಾಕುಗಳ ಪಿಎಚ್ 4ಕ್ಕಿಂತ ಕೆಳಗೆ ಹೋಗಿದೆ. ಅಲ್ಲಿ ಎರೆಹುಳ ಇಲ್ಲವೆನ್ನುವಷ್ಟು ಕಡಿಮೆ. ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ಚಾಪೆಯ ಹಾಗೆ ದಪ್ಪಗೆ ಕೂತಿದೆ, ಕೊಳೆಸುವವರೇ ಇಲ್ಲವಲ್ಲ.

ನಿಮ್ಮದು ಸುಣ್ಣದಂಶವಿರುವ ಎರೆಭೂಮಿಯಾಗಿದ್ದರೆ ಈ ಹುಳಿಯ ಚಿಂತೆ ಸದ್ಯಕ್ಕೆ ಬೇಡ. ಕೆಂಪು ಮಣ್ಣು, ಮರಳು ಮಣ್ಣು, ಮಲೆನಾಡಿನ ಅಂಚಿನ ಜಾಸ್ತಿ ಮಳೆಯ ಹೊಲ ಆಗಿದ್ದರೆ ಪಿಎಚ್ ನೋಡಿಸಿ. ಸುಮಾರು 5.5ಕ್ಕಿಂತ ಕೆಳಗಿದ್ದರೆ ಇನ್ನೊಂದು ಚೀಲ ಯೂರಿಯಾಕ್ಕಿಂತ ಸುಣ್ಣವೇ ಜಾಸ್ತಿ ಕೆಲಸ ಮಾಡುತ್ತದೆ.

ಮೇಲುಗೊಬ್ಬರ ಯಾವಾಗ, ಹೇಗೆ ಕೊಡಬೇಕು?

ಮೊಣಕಾಲುದ್ದ ಬಂದಾಗ ಒಮ್ಮೆ, ಸೂಲಂಗಿ (ತುದಿಯ ಗಂಡು ಹೂ) ಬರುವ ಮುಂಚೆ ಒಮ್ಮೆ. ಮೆಕ್ಕೆಜೋಳ ಸಾರಜನಕವನ್ನು ಬಕಬಕ ತಿನ್ನುವುದು ಈ ಎರಡರ ನಡುವೆ. ಬಿತ್ತುವಾಗಲೇ ಎಲ್ಲ ಸುರಿದರೆ ತಿನ್ನುವ ಬಾಯಿ ಇನ್ನೂ ಹುಟ್ಟಿರುವುದಿಲ್ಲ. ಮಣ್ಣಿನಲ್ಲಿ ಹದ ಇರಬೇಕು. ಸಾಲಿನ ಪಕ್ಕ ಹಾಕಿ ಎಡೆಕುಂಟೆ ಹೊಡೆದು ಮುಚ್ಚಿಬಿಡಿ. ನೀರು ನಿಂತ ಹೊಲಕ್ಕೆ ಬೇಡ, ಅಲ್ಲಿ ಗಾಳಿ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಡಿ ಸಾರಜನಕವನ್ನು ಅನಿಲ ಮಾಡಿ ಬಿಟ್ಟುಬಿಡುತ್ತವೆ.

2015ರಿಂದ ದೇಶದ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪ ಕಡ್ಡಾಯ. ಅದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಬಿಸಿಲಿಗೆ ಒಣ ಮಣ್ಣಿನ ಮೇಲೆ ಎರಚಿ ಹೋದರೆ ಬೇವು ಏನೂ ಕಾಪಾಡುವುದಿಲ್ಲ.

ಡಿಎಪಿ ಒಂದು ಚೀಲ ಜಾಸ್ತಿ ಹಾಕಿದರೆ ನಷ್ಟವೇನು? ಮಣ್ಣಲ್ಲೇ ಇರುತ್ತಲ್ಲ.

ಇರುತ್ತದೆ, ಅದೇ ತೊಂದರೆ. ಮೆಕ್ಕೆಜೋಳದ ಬೇರಿನ ಒಳಗೆ ಮೈಕೊರೈಜಾ ಅಂತ ಒಂದು ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ. ಬೇರು ತಲುಪದ ಕಡೆ ತನ್ನ ಎಳೆ ಚಾಚಿ ರಂಜಕ, ಸತು ತಂದುಕೊಡುತ್ತದೆ, ಬದಲಿಗೆ ಗಿಡದ ಸಕ್ಕರೆ ತಿನ್ನುತ್ತದೆ. ರಂಜಕ ಕಾಲಬುಡದಲ್ಲೇ ಧಾರಾಳವಾಗಿ ಸಿಕ್ಕರೆ ಗಿಡ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಶಿಲೀಂಧ್ರ ಸೊರಗುತ್ತದೆ. ಜೊತೆಗೆ ಸತುವಿನ ಕೊರತೆ ಎದ್ದು ಕಾಣುತ್ತದೆ. ಎಳೆ ಗಿಡದ ಸುಳಿ ಎಲೆಗಳಲ್ಲಿ ನಡುದಿಂಡಿನ ಎರಡೂ ಕಡೆ ಬಿಳಿ ಪಟ್ಟೆ ಬಂದಿದ್ದರೆ ಅದೇ. ಅದನ್ನು ನೋಡಿ ‘ಗೊಬ್ಬರ ಸಾಲಲಿಲ್ಲ’ ಅಂತ ಮತ್ತೆ ಡಿಎಪಿ ಹಾಕುವವರಿದ್ದಾರೆ.

ಸರಿ, ಮಳೆಯಾಶ್ರಿತ ಹೊಲಕ್ಕೆ ಎಕರೆಗೆ ಎಷ್ಟು ಅಂತ ಹೇಳಿ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100:50:25, ಅಂದರೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ, 20 ರಂಜಕ, 10 ಪೊಟ್ಯಾಷ್. ಚೀಲದ ಲೆಕ್ಕಕ್ಕೆ ತಂದರೆ ಡಿಎಪಿ ಒಂದು ಚೀಲಕ್ಕಿಂತ ಸ್ವಲ್ಪ ಕಡಿಮೆ (43 ಕೆ.ಜಿ. ಸಾಕು), ಯೂರಿಯಾ ಎಲ್ಲ ಕಂತು ಸೇರಿ ಒಂದೂವರೆ ಚೀಲ, ಮ್ಯುರಿಯೇಟ್ ಆಫ್ ಪೊಟ್ಯಾಷ್ 17 ಕೆ.ಜಿ. ನೀರಾವರಿಗೆ ಇದಕ್ಕಿಂತ ಜಾಸ್ತಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹೋಗಿ, ಇದನ್ನು ಬಿಡಿ. ಡಿಎಪಿ ಸಿಗದಿದ್ದರೆ ಅಳಬೇಕಾಗಿಲ್ಲ, ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿ ಯೂರಿಯಾ ಸ್ವಲ್ಪ ಹೆಚ್ಚಿಸಿಕೊಳ್ಳಿ, ಅದರಲ್ಲಿ ಗಂಧಕವೂ ಬರುತ್ತದೆ.

ಸರ್ಕಾರಿ ಗೊಬ್ಬರ ಪೂರ್ತಿ ಬಿಟ್ಟು ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಮೆಕ್ಕೆಜೋಳ ಬೆಳೆಯಬಹುದಾ?

ಬೆಳೆಯಬಹುದು, ಅಷ್ಟು ಗೊಬ್ಬರ ನಿಮ್ಮಲ್ಲಿದ್ದರೆ. ಎಕರೆಗೆ 25 ಕ್ವಿಂಟಲ್ ಕಾಳು ತೆಗೆದರೆ ಆ ಕಾಳಿನಲ್ಲೇ ಸುಮಾರು 35 ಕೆ.ಜಿ. ಸಾರಜನಕ ಮಾರುಕಟ್ಟೆಗೆ ಹೋಗುತ್ತದೆ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 5 ಕೆ.ಜಿ. ಇರುತ್ತದೆ, ಅದೂ ಮೊದಲ ವರ್ಷ ಬೆಳೆಗೆ ಸಿಗುವುದು ಒಂದು ಭಾಗ ಮಾತ್ರ. ಶಿಫಾರಸಿನಂತೆ ಎಕರೆಗೆ 3–4 ಟನ್ ಹಾಕಿದರೂ ಮೊದಲ ವರ್ಷ ಸಾಲುವುದಿಲ್ಲ. ಮೆಕ್ಕೆಜೋಳ ಹೊಟ್ಟೆಬಾಕ ಬೆಳೆ, ಇದಕ್ಕೆ ನವಣೆ, ಹುರುಳಿಯ ಲೆಕ್ಕ ಹಾಕಬೇಡಿ.

ಹಾಗಂತ ಕೊಟ್ಟಿಗೆ ಗೊಬ್ಬರವನ್ನು ಬರೀ ಸಾರಜನಕದ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಅದರ ದೊಡ್ಡ ಕೆಲಸ ಇಂಗಾಲ ತರುವುದು, ಹುಳಿ ತಡೆಯುವುದು, ಮಳೆ ಕೈಕೊಟ್ಟಾಗ ಹದ ಹಿಡಿದಿಡುವುದು. ಅದಕ್ಕೇ ಬಹುತೇಕ ದೀರ್ಘಾವಧಿ ಪ್ರಯೋಗಗಳಲ್ಲಿ ಚೀಲ ಮತ್ತು ತಿಪ್ಪೆ ಎರಡೂ ಬಿದ್ದ ತಾಕು ಮುಂದಿರುವುದು. ‘ಸಾವಯವವೋ, ರಾಸಾಯನಿಕವೋ’ ಅಂತ ಕುಸ್ತಿ ಆಡುವವರು ಈ ತಾಕನ್ನು ಯಾಕೋ ಮರೆತುಬಿಡುತ್ತಾರೆ.

ಸಪ್ಪೆ, ರವದಿ ಮಣ್ಣಿಗೇ ಸೇರಿಸಿದೆ, ಮುಂದಿನ ಬೆಳೆ ಹಳದಿಯಾಯಿತು. ಯಾಕೆ?

ಒಣ ಸಪ್ಪೆಯಲ್ಲಿ ಒಂದು ಪಾಲು ಸಾರಜನಕಕ್ಕೆ 60 ಪಾಲಿನಷ್ಟು ಇಂಗಾಲ ಇರುತ್ತದೆ. ಜೀವಿಗಳಿಗೆ ಅದನ್ನು ತಿಂದು ಬೆಳೆಯಲು 25ಕ್ಕೆ ಒಂದಾದರೂ ಸಾರಜನಕ ಬೇಕು. ಸಪ್ಪೆಯಲ್ಲಿ ಸಿಗದಿದ್ದನ್ನು ಮಣ್ಣಿನಿಂದ ಎತ್ತಿಕೊಳ್ಳುತ್ತವೆ, ಬೆಳೆಗೆ ಉಪವಾಸ. ಚಟುವಟಿಕೆ ಜಾಸ್ತಿಯಾಗಿ ಇಳುವರಿ ಕಡಿಮೆಯಾಗುವ ವಿಚಿತ್ರ ಇಲ್ಲಿ ನಡೆಯುತ್ತದೆ. ಮಣ್ಣಲ್ಲಿ ಜೀವ ಇದ್ದರೆ ಬೆಳೆ ತಾನಾಗೇ ಬರುತ್ತೆ ಅನ್ನುವವರು ಇದನ್ನೊಮ್ಮೆ ನೋಡಬೇಕು. ಇದು ಶಾಶ್ವತ ನಷ್ಟ ಅಲ್ಲ, ಸಪ್ಪೆ ಕರಗಿ ಜೀವಿಗಳು ಸತ್ತಾಗ ಅದು ವಾಪಸ್ ಬರುತ್ತದೆ, ಆದರೆ ನಿಮ್ಮ ಬೆಳೆಯ ಟೈಮಿಗೆ ಬರಬೇಕಲ್ಲ. ಹಾಗಾಗಿ ಕೊಯ್ಲು ಮುಗಿದ ಕೂಡಲೇ ಪುಡಿ ಮಾಡಿ, ಹದ ಇರುವಾಗಲೇ, ಒಂದಿಷ್ಟು ಯೂರಿಯಾ ಅಥವಾ ಸಗಣಿ ರಾಡಿ ಜೊತೆ ಮಣ್ಣಿಗೆ ಸೇರಿಸಿ. ಅರ್ಧ ಕೊಳೆತ ತಿಪ್ಪೆ ಗೊಬ್ಬರವನ್ನು ಬಿತ್ತನೆಯ ಹಿಂದಿನ ದಿನ ಹರಡಿದರೂ ಇದೇ ಕಥೆ, ಗೊಣ್ಣೆಹುಳ, ಗೆದ್ದಲು ಉಚಿತ.

ಸುಡಬೇಡಿ. ಬೂದಿಯಲ್ಲಿ ಪೊಟ್ಯಾಷ್ ಉಳಿಯಬಹುದು, ಇಂಗಾಲ, ಸಾರಜನಕ ಹೊಗೆಯ ಜೊತೆ ಹೋಯಿತು.

ಕೋಳಿ ಗೊಬ್ಬರ?

ಒಳ್ಳೆಯದು, ಆದರೆ ಹುಷಾರು. ಸಾರಜನಕ ಶೇ 3ರವರೆಗೆ ಇರುತ್ತದೆ, ಅಂದರೆ ಟನ್ನಿಗೆ 30 ಕೆ.ಜಿ. ಬೇಗ ಬಿಡುಗಡೆಯಾಗುತ್ತದೆ, ಹಸಿಯಾಗಿ ಹಾಕಿದರೆ ಮೊಳಕೆ ಸುಡುತ್ತದೆ. ಗುಡ್ಡೆ ಹಾಕಿ ನೀರು ಚಿಮುಕಿಸಿ ಕಳಿಯಲು ಬಿಡಿ, ಕಾವು ಇಳಿದ ಮೇಲೆ ಹಾಕಿ. ರಂಜಕವೂ ಚೆನ್ನಾಗಿರುವುದರಿಂದ ಆ ವರ್ಷ ಡಿಎಪಿ ಇಳಿಸಿ. ಕೋಳಿ ಫಾರಂ ನೆಲಕ್ಕೆ ಹಾಸುವ ಭತ್ತದ ಹೊಟ್ಟೇ ಮುಕ್ಕಾಲು ಇರುವ ಲೋಡಿಗೆ ಗೊಬ್ಬರದ ರೇಟು ಕೊಡಬೇಡಿ, ಒಂದು ಹಿಡಿ ಎತ್ತಿ ನೋಡಿಯೇ ಇಳಿಸಿಕೊಳ್ಳಿ.

ಜೀವಾಮೃತ ಒಂದೇ ಸಾಕು ಅಂತಾರೆ.

ಲೆಕ್ಕ ಹಾಕೋಣ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿದ ಎಕರೆ ಅಳತೆಯಲ್ಲಿ 10 ಕೆ.ಜಿ. ಸಗಣಿ, 5–10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಇದರಲ್ಲಿರುವ ಒಟ್ಟು ಸಾರಜನಕ ಕಾಲು ಕೆ.ಜಿ. ಆಸುಪಾಸು. ಬೇಕಿರುವುದು 40 ಕೆ.ಜಿ. ಬೆಲ್ಲ ತಿಂದು ಮುಗಿಯುವವರೆಗೆ ಜೀವಿಗಳು ಚುರುಕಾಗುತ್ತವೆ, ಆಮೇಲೆ ಮತ್ತೆ ಊಟ ಹುಡುಕಬೇಕು. ಪಾಳೇಕರ್ ಪದ್ಧತಿಯಲ್ಲಿ ನೆಲಕ್ಕೆ ಹೊದಿಕೆ, ಜೊತೆಗೆ ದ್ವಿದಳ ಬೆಳೆ ಅಂತಲೂ ಇದೆ. ಊಟ ಬರುವುದು ಅಲ್ಲಿಂದ. ನಮ್ಮವರು ಆ ಕಷ್ಟದ ಭಾಗ ಬಿಟ್ಟು ಡ್ರಮ್ಮು ಕಡ್ಡಿ ಮಾತ್ರ ಹಿಡಿದುಕೊಂಡರು.

ಅಜೋಸ್ಪಿರಿಲಂ, ಪಿಎಸ್‌ಬಿ ಪ್ಯಾಕೆಟ್ ಕೆಲಸ ಮಾಡುತ್ತವಾ?

ಮೊದಲನೆಯದು ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ, ಎರಡನೆಯದು ಮಣ್ಣಿನ ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಸ್ವಲ್ಪ ಕೆಲಸ ಮಾಡುತ್ತವೆ, ಜೀವಂತ ಇದ್ದರೆ. ಅಂಗಡಿಯ ತಗಡಿನ ಕೆಳಗೆ ಬೇಸಿಗೆ ಕಳೆದ ಪ್ಯಾಕೆಟ್‌ನಲ್ಲಿ ಉಳಿಯುವುದು ಕಪ್ಪು ಪುಡಿ ಮಾತ್ರ, ಹಾಗಾಗಿ ತಾರೀಕು ನೋಡಿ. ಇನ್ನೊಂದು, ಹೈಬ್ರಿಡ್ ಬೀಜ ಬರುವಾಗಲೇ ಗುಲಾಬಿಯೋ ಹಸಿರೋ ಬಣ್ಣದ ಔಷಧಿ ಮೆತ್ತಿಕೊಂಡು ಬಂದಿರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಲೇಪಿಸುವುದಕ್ಕಿಂತ, ಚೆನ್ನಾಗಿ ಕಳಿತ ಗೊಬ್ಬರದ ಜೊತೆ ಕಲಸಿ ಸಾಲಿಗೆ ಬಿಡುವುದು ವಾಸಿ.

ನ್ಯಾನೋ ಯೂರಿಯಾ?

2021ರಲ್ಲಿ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4 ಸಾರಜನಕ, ಅಂದರೆ 20 ಗ್ರಾಂ. ಒಂದು ಚೀಲ ಯೂರಿಯಾದಲ್ಲಿ 20 ಕೆ.ಜಿ.ಗೂ ಜಾಸ್ತಿ. ಎಲೆಗೆ ಹೊಡೆದು ಗಿಡ ಹಸಿರಾದರೆ ಸಂತೋಷ, ಅದನ್ನು ನಂಬಿ ಮೇಲುಗೊಬ್ಬರ ಬಿಡಬೇಡಿ.

ನನ್ನ ಮಣ್ಣಿನಲ್ಲಿ ಜೀವ ಎಷ್ಟಿದೆ ಅಂತ ತಿಳಿಯುವುದು ಹೇಗೆ?

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ, ಜೀವಿಗಳ ಲೆಕ್ಕ ಇಲ್ಲ. ಇರುವುದರಲ್ಲಿ ಪಿಎಚ್ ಮತ್ತು ಸಾವಯವ ಇಂಗಾಲ ಈ ಎರಡು ಸಾಲು ಮೊದಲು ಓದಿ. ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದ್ದರೆ ಒಳ್ಳೆಯದು.

ಪ್ರಯೋಗಾಲಯದಲ್ಲಿ ಡಿಹೈಡ್ರೋಜಿನೇಸ್ ಎಂಬ ಪರೀಕ್ಷೆ ಇದೆ, ನೋಡಲು ಚೆಂದ. ಸೋಸಿದ ಮಣ್ಣನ್ನು ಗಾಜಿನ ನಳಿಕೆಗೆ ಹಾಕಿ, ಬಣ್ಣವಿಲ್ಲದ ಒಂದು ದ್ರಾವಣ ಸೇರಿಸಿ, ಮುಚ್ಚಿ 37 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ. ಮಣ್ಣಿನಲ್ಲಿ ಉಸಿರಾಡುವವರು ಇದ್ದರೆ ದ್ರಾವಣ ಕೆಂಪಾಗುತ್ತದೆ. ಜಾಸ್ತಿ ಇದ್ದರೆ ಗಾಢ ಕೆಂಪು, ಕಡಿಮೆ ಇದ್ದರೆ ತಿಳಿ ಗುಲಾಬಿ.

ಮನೆಯಲ್ಲಿ ಮಾಡಲು ಹಳೇ ಕಾಟನ್ ಬನಿಯನ್ ಸಾಕು. ಪಾಲಿಯೆಸ್ಟರ್ ಮಿಶ್ರ ಇರಬಾರದು. ಮಳೆಗಾಲದಲ್ಲಿ ಗೇಣುದ್ದ ಆಳಕ್ಕೆ ಹೂತು, ಗೂಟ ನೆಟ್ಟು ಗುರುತಿಟ್ಟು, ಎರಡು ತಿಂಗಳಿಗೆ ತೆಗೆಯಿರಿ. ಹೊಲದ್ದೊಂದು, ಬದುವಿನ ಹುಣಸೆ ಮರದ ಕೆಳಗಿನದ್ದೊಂದು, ಜೊತೆಗಿಟ್ಟು ನೋಡಿ. ಒಂದರಲ್ಲಿ ಹೊಲಿಗೆ ದಾರ ಮಾತ್ರ ಉಳಿದು ಇನ್ನೊಂದು ಒಗೆದು ಹಾಕಿಕೊಳ್ಳುವ ಹಾಗಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಕೊಟ್ಟಿಗೆ ಗೊಬ್ಬರ, ಸಪ್ಪೆ ಹಾಕುವುದನ್ನು ಇಂದು ಶುರು ಮಾಡಿದರೆ ಎಷ್ಟು ವರ್ಷಕ್ಕೆ ಗೊತ್ತಾಗುತ್ತದೆ?

ಜೀವಿಗಳ ಚಟುವಟಿಕೆ ಅದೇ ಮಳೆಗಾಲದಲ್ಲಿ ಏರುತ್ತದೆ. ಇಂಗಾಲ ಏರುವುದು ನಿಧಾನ, ನಮ್ಮ ಬಿಸಿಲಿಗೆ ಇನ್ನೂ ನಿಧಾನ. ಆದರೆ ಒಮ್ಮೆ ಕೂತರೆ ಬೇಗ ಹೋಗುವುದೂ ಇಲ್ಲ. ರೋಥಮ್‌ಸ್ಟೆಡ್‌ನ ಒಂದು ಬಾರ್ಲಿ ತಾಕಿಗೆ 1852ರಿಂದ 1871ರವರೆಗೆ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿಬಿಟ್ಟರು. ನೂರು ವರ್ಷದ ಮೇಲೂ ಅಲ್ಲಿಯ ಇಂಗಾಲ, ಎಂದೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಜಾಸ್ತಿಯೇ ಇತ್ತು. ಅದು ತಂಪು ದೇಶ, ನಮಗೆ ಅಷ್ಟು ಕಾಲ ಬಾಳಿಕೆ ಬರಲಿಕ್ಕಿಲ್ಲ.

ಇಡೀ ಹೊಲಕ್ಕೆ ಗೊಬ್ಬರ ಸಾಲದಿದ್ದರೆ ತೆಳ್ಳಗೆ ಎರಚಬೇಡಿ, ಒಂದು ಮೂಲೆಗೆ ಸರಿಯಾಗಿ ಹಾಕಿ, ಮುಂದಿನ ವರ್ಷ ಇನ್ನೊಂದು ಮೂಲೆ. ಗೊಬ್ಬರವೇ ಇಲ್ಲದಿದ್ದರೆ ಅಪ್ಸೆಣಬು ಬಿತ್ತಿ ಹೂ ಬರುವಾಗ ಮಣ್ಣಿಗೆ ಮಗುಚಿ, ಇಲ್ಲವೇ ನಡುನಡುವೆ ತೊಗರಿ ಸಾಲು ಬಿಡಿ.

ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿ ಹಾಕಬಹುದಾ?

ಬೇಡ. ಎರಡೂ ಕಚ್ಚಿಕೊಂಡು ಕರಗದ ವಸ್ತುವಾಗುತ್ತದೆ. ಎಕರೆಗೆ 4 ಕೆ.ಜಿ. ಜಿಂಕ್ ಸಲ್ಫೇಟನ್ನು ಕಳಿತ ಗೊಬ್ಬರಕ್ಕೋ ಮಣ್ಣಿಗೋ ಕಲಸಿ ಬೇರೆಯಾಗಿ ಹಾಕಿ, ಡಿಎಪಿಯನ್ನು ಬೀಜಕ್ಕೆ ತಾಗದಂತೆ ಎರಡು ಬೆರಳು ಪಕ್ಕಕ್ಕೆ, ಎರಡು ಬೆರಳು ಕೆಳಗೆ ಬಿಡಿ.